ಎಳೆದ್ರ ಬಿಚ್ಚೂ ಗಂಟು

ಈ ಸಲ ಪಂಚಮಿಗೆ ನಮ್ಮ ಮನ್ಯಾಗ ಉಂಡಿ ಕಟ್ಟೂ ಮುಂದ ಎದುರುಮನಿ ಚಿಗವ್ವ ಕೈಗೆ ಕೈ ಹಚ್ಚಾಕ ಬಂದಿದ್ರು. ಶೇಂಗಾ ಉಂಡಿ ಕಟ್ಟಿಗೋಂತ ನನ್ನ ಮಾರಿ ನೋಡಿ ಒಂದು ಮಾತು ಕೇಳಿದ್ರು: “ಅಲ್ಲವಾ, ಹೊಳಿ ಬಂದು ಅಷ್ಟೆಲ್ಲಾ ಆದಮ್ಯಾಲೆ ಮಗಳನ್ನ ಸಮುದ್ರಕ್ಕ ಹೆಂಗ ಕಳಸ್ತಿ? ನಿಂದು ಎದಿ ಐತೋ, ಕಲ್ಲೈತೋ?”

ನಾ ನಕ್ಕು ಸುಮ್ಮನಾದೆ. ಬಾಯಿಲೆ ಹೇಳಾಕ ಹೋದ್ರ ಅರ್ಧಕ್ಕ ಗಂಟಲ ಕಟ್ಟತೈತಿ. ಅದಕ್ಕ ಬರದು ಹೇಳ್ತೀನಿ. ಚಿಗವ್ವ, ಇದು ನಿಮಗೂ, ಮನಸ್ಸಿನ್ಯಾಗ ಇದನ್ನ ಕೇಳಿ ಬಾಯಿಲೆ ಕೇಳಲಾರದವರಿಗೂ.

2019ರ ಆಗಸ್ಟ್. ಪಂಚಮಿ ಮುಗದು ಎರಡು-ಮೂರು ದಿನ ಆಗಿತ್ತು. ಡಬ್ಬ್ಯಾಗ ಉಂಡಿ ಹಂಗ ಇದ್ವು, ಬೇವಿನಮರಕ್ಕ ಕಟ್ಟಿದ ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ಮ್ಯಾಲೆ ಖಾನಾಪುರದ ಗುಡ್ಡದಾಗ ಮಳಿ ಹಿಡದಿತ್ತು, ನಮ್ಮೂರಾಗ ಬರೇ ಜಿಟಿಜಿಟಿ. ಮಲಪ್ರಭಾ ದಂಡಿ ಮ್ಯಾಗಿನ ಮಂದಿಗೆ ಗೊತ್ತೈತಿ, ನಮ್ಮ ಕಡೆ ಮಳಿ ಒಂದೂರಾಗ, ಹೊಳಿ ಇನ್ನೊಂದೂರಾಗ. ಸಂಜೀಕ ಡಂಗುರ ಸಾರಿದ್ರು. “2009ರಾಗ ಬಂದಾಗ ಹನುಮಪ್ಪನ ಗುಡಿ ಕಟ್ಟಿಗೆ ಬಂದು ನಿಂತಿತ್ತು, ಈಗೂ ಅಲ್ಲೇ ನಿಲ್ತೈತಿ” ಅಂದ್ರು ನಮ್ಮ ಅತ್ತಿ. ನಾನೂ ನಂಬಿದೆ. ನಮ್ಮ ಮನಿಯವ್ರು ನರಗುಂದಕ್ಕ ಹೋದವ್ರು ರಸ್ತೆ ಬಂದ್ ಆಗಿ ಅಲ್ಲೇ ಸಿಕ್ಕೊಂಡಿದ್ರು. ಮನ್ಯಾಗ ನಾವು ಮೂರು ಹೆಣಮಕ್ಕಳು: ಅತ್ತಿ, ನಾ, ಆರು ವರ್ಷದ ಪುಟ್ಟಿ.

ರಾತ್ರಿ ಹನ್ನೊಂದರ ಸುಮಾರಿಗೆ ನೀರು ತಲಬಾಗಿಲ ದಾಟಿ ಬಂತು. ನಮ್ಮ ಕಡೆ ಹಳೇ ಮನಿ ಹೆಂಗಿರ್ತಾವ ನಿಮಗ ಗೊತ್ತು. ತಲಬಾಗಿಲ ದಾಟಿದ ಕೂಡ್ಲೇ ದನ ಕಟ್ಟೂ ಜಾಗ, ಅದಕ್ಕಿಂತ ಎತ್ತರದಾಗ ಪಡಸಾಲಿ, ಪಡಸಾಲಿಯಿಂದ ಮಾಳಿಗಿಗೆ ನಿಚ್ಚಣಿಕಿ. ಮೊದಲ ಅತ್ತಿನ್ನ ಹತ್ತಿಸಿದೆ, ಆಮ್ಯಾಲೆ ಪುಟ್ಟಿನ್ನ. ಮ್ಯಾಲೆ ಹೋದಕೂಡ್ಲೇ ಅಕಿ “ನನ್ನ ಪಾಟೀಚೀಲ, ನನ್ನ ಪಾಟೀಚೀಲ” ಅಂತ ಅಳಾಕ ಸುರು ಮಾಡಿದ್ಲು. ಇಳದು ಬಂದು ಗೂಟಕ್ಕ ಹಾಕಿದ್ದ ಚೀಲ ತಗೊಂಡೆ. ಅಷ್ಟರಾಗ ನೀರು ಸೊಂಟಕ್ಕ ಬಂದಿತ್ತು.

ನಮ್ಮ ಎಮ್ಮಿ ಗೌರಿ ಗ್ವಾದಲಿಗೆ ಕಟ್ಟಿದಲ್ಲೇ ನಿಂತಿತ್ತು. ಅದರ ಹಗ್ಗಕ್ಕ ಕೈ ಹಾಕಿದೆ. ತೊಯ್ದ ಗಂಟು ಕಲ್ಲಾಗಿತ್ತು. ಅದು ಹೆದರಿ ಜಗ್ಗಿದಷ್ಟೂ ಗಂಟು ಬಿಗಿ ಆತು. ಕತ್ತಲಾಗ ಕುಡಗೋಲು ಎಲ್ಲಿ ಅಂತ ಹುಡಕಲಿ? ಮ್ಯಾಲಿಂದ ಪುಟ್ಟಿ ಯವ್ವಾ ಯವ್ವಾ ಅಂತ ಚೀರಾಕತ್ತಿದ್ಲು. ಬಾಗಿಲಾಗಿಂದ ಒಮ್ಮೆಲೇ ಜೋರ ನೀರು ನುಗ್ಗಿತು. ನಾ ಹಗ್ಗ ಬಿಟ್ಟು ಮ್ಯಾಲೆ ಹತ್ತಿದೆ.

ರಾತ್ರಿ ಪೂರ್ತಿ ಗೌರಿ ಒದರೂದು ಕೇಳಸ್ತಿತ್ತು. ಬೆಳಕ ಹರಿಯೂ ಮುಂದ ನಿಂತ್ತು. “ಯವ್ವಾ, ಗೌರಿ ಯಾಕ ಸುಮ್ಮನಾತು?” ಅಂತ ಪುಟ್ಟಿ ಕೇಳಿದ್ಲು. “ಮಕ್ಕೊಂಡೈತಿ” ಅಂದೆ. ಅತ್ತಿ ಸೆರಗು ಬಾಯಿಗೆ ಹಿಡಕೊಂಡು ಆ ಕಡೆ ಹೊಳ್ಳಿದ್ರು.

ಮರುದಿನ ಮಧ್ಯಾಹ್ನ ರಬ್ಬರ್ ದೋಣಿ ತಗೊಂಡು ಜವಾನರು ಬಂದ್ರು. ಪುಟ್ಟಿ ದೋಣಿ ಒಲ್ಲೆ ಅಂತ ಮಾಳಿಗಿ ಮಣ್ಣು ಹಿಡಕೊಂಡು ಮಕ್ಕೊಂಡು ಬಿಟ್ಲು. ಒಬ್ಬ ಹುಡುಗ ಅಕಿನ್ನ ಎತ್ತಿ ಎದಿಗೆ ಒತ್ತಿಕೊಂಡು ಕೂತ. ಅವನ ಹೆಸರು ಕೇಳಲಿಲ್ಲ ನಾ. ಇವತ್ತಿಗೂ ದೀಪ ಹಚ್ಚೂ ಮುಂದ ಅವನ ನೆನಪಾಗತೈತಿ.

ಹೊಳಿ ಇಳೀತು, ಮನಿ ಮತ್ತ ಕಟ್ಟಿದ್ವಿ. ಆದ್ರ ಪುಟ್ಟಿ ಒಳಗಿನ ನೀರು ಇಳೀಲಿಲ್ಲ. ತಲಿ ಮ್ಯಾಲೆ ತಂಬಿಗಿ ನೀರು ಹಾಕಿದ್ರ ಉಸುರು ಕಟ್ಟಿದಂಗ ಮಾಡ್ತಿದ್ಲು. ಮೂರು ವರ್ಷ ಅಕಿ ತಲಿನ ಹಸಿ ಅರಿವಿಲೆ ಒರೆಸಿದೆ. ರಾತ್ರಿ ಮಳಿ ಹನಿ ಬಿದ್ರ ಸಾಕು, ಎದ್ದು ಚೀಲ ಬಗಲಿಗೆ ಹಾಕೊಂಡು ನಿಚ್ಚಣಿಕಿ ಕೆಳಗ ಕುಂದರತಿದ್ಲು. ಮಂದಿ ಒಂದೊಂದು ಹೇಳಿದ್ರು. ತಾಯತ ಕಟ್ಟಿಸಿದ್ವಿ, ಯಲ್ಲಮ್ಮಗ ಹರಕಿ ಹೊತ್ವಿ. ಕಡೀಕ ಧಾರವಾಡಕ್ಕ ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿದ್ವಿ. ಇದನ್ನ ಮುಚ್ಚಿಡಾಕ ಹೋಗೂದಿಲ್ಲ ನಾ. ಜ್ವರ ಬಂದ್ರ ದವಾಖಾನಿಗೆ ಹೋಗ್ತೀವಿ, ಇದಕ್ಕ ಯಾಕ ನಾಚಿಕಿ?

ಆ ಡಾಕ್ಟರಮ್ಮ ಎರಡು ಮಾತು ಹೇಳಿದ್ರು. “ಎಳಕೊಂಡು ಹೋಗಿ ನೀರಾಗ ನಿಲ್ಲಸಬ್ಯಾಡ್ರಿ. ದೂರಿಂದ ನೋಡಲಿ, ಹತ್ರ ಹೋಗಲಿ, ಯಾವಾಗ ಸಾಕು ಅಂತಾಳೋ ಅಲ್ಲೇ ನಿಲ್ರಿ.” ಎರಡನೇದು: “ಅಕಿ ಕೇಳಿದ್ದಕ್ಕ ಖರೇ ಹೇಳ್ರಿ.” ಮೊದಲನೇ ಮಾತು ಪಾಲಿಸಿದೆ. ಎರಡನೇದು ಕೇಳಿ ತಲಿ ತಗ್ಗಿಸಿದೆ. ಗೌರಿ ವಿಷಯ ನಮ್ಮ ಮನ್ಯಾಗ ಯಾರೂ ಎತ್ತತಿರಲಿಲ್ಲ. ನಾ ಹಗ್ಗಕ್ಕ ಕೈ ಹಾಕಿ ಬಿಟ್ಟು ಬಂದದ್ದನ್ನ ನಮ್ಮ ಮನಿಯವ್ರಿಗೂ ಹೇಳಿರಲಿಲ್ಲ.

ನಮ್ಮ ಅಕ್ಕ ಗೋವಾದಾಗ ಇರತಾಳ. ನಮ್ಮ ಕಡೆ ಮಂದಿ ದುಡಿಯಾಕ ಅಲ್ಲಿ ಎಷ್ಟು ಅದಾರ ನಿಮಗ ಗೊತ್ತೇ ಐತಿ. ವಾಸ್ಕೋ, ಪಣಜಿ ಕಡೆ ಬಜಾರದಾಗ ನಿಂತ್ರ ನಮ್ಮ ಮಾತ ಕಿವಿಗೆ ಬೀಳತಾವ. ಭಾವ ಪಣಜಿ ಹತ್ರ ಹಾಯಿದೋಣಿ ಕಲಿಸೂ ಒಂದು ಕ್ಲಬ್ಬಿನಾಗ ದೋಣಿ ತೊಳಿಯೂದು, ಹಾಯಿ ಒಣಗಸೂದು ಮಾಡ್ತಾರ. “ಒಮ್ಮೆ ಬಂದು ಹೋಗವಾ, ಊರ ಬಿಟ್ಟು ಹೊರಗ ಬಿದ್ರ ಹಗೂರ ಆಗತೈತಿ” ಅಂತ ಅಕ್ಕ ಗಂಟು ಬಿದ್ಲು. 2022ರ ಡಿಸೆಂಬರಿನಾಗ ಹೊಂಟ್ವಿ. ಬುತ್ತಿಗೆ ಕಟಿಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಅತ್ತಿನೂ ಬಂದ್ರು.

ಬೆಳಗಾವಿಯಿಂದ ಜಾಂಬೋಟಿ ಮ್ಯಾಲೆ ಚೋರ್ಲಾ ಘಾಟ ಇಳದು ಹೋಗೂ ದಾರ್ಯಾಗ ಕಣಕುಂಬಿ ಬರತೈತಿ. ನಮ್ಮ ಮಲಪ್ರಭಾ ಹುಟ್ಟೂದು ಅಲ್ಲೇ. ಗುಡಿ ಹತ್ರ ಇಳದು ನೋಡಿದ್ವಿ. ಅಷ್ಟು ಸಣ್ಣ ನೀರು ರೀ! ಪುಟ್ಟಿ ಭಾಳ ಹೊತ್ತು ದೂರ ನಿಂತಿದ್ಲು. ಆಮ್ಯಾಲೆ ಬಂದು, “ಇದೇನ ಯವ್ವಾ ನಮ್ಮನಿಗೆ ಬಂದಿದ್ದು?” ಅಂದ್ಲು. “ಇದೇ” ಅಂದೆ. ಬಗ್ಗಿ ಒಂದು ಬೊಟ್ಟು ಅದ್ದಿ ಲಂಗಕ್ಕ ಒರಿಸಿಕೊಂಡ್ಲು. ನಮ್ಮ ಮನಿಯವ್ರು ಅಕಿಗೆ ತಿಳಿಸಿ ಹೇಳಿದ್ರು: “ಇಲ್ಲಿ ಹುಟ್ಟಿದ್ದು ಮೂಡಲಕ್ಕ ಹರದು, 304 ಕಿಲೋಮೀಟರ್ ಹೋಗಿ ಕೂಡಲಸಂಗಮದಾಗ ಕೃಷ್ಣಾಗ ಕೂಡತೈತಿ. ಇದೇ ಖಾನಾಪುರ ತಾಲೂಕಿನ ಗುಡ್ಡದಾಗ ಮಹಾದಾಯಿನೂ ಹುಟ್ಟತೈತಿ. ಅದು ಪಡುವಲಕ್ಕ ಹರದು ಗೋವಾದಾಗ ಮಾಂಡೋವಿ ಆಗತೈತಿ.”

ಮಹಾದಾಯಿ ಹೆಸರು ನಮ್ಮ ಕಡೆ ಕೂಸಿಗೂ ಗೊತ್ತು. 2015ರಿಂದ ನರಗುಂದದಾಗ ಆ ನೀರಿನ ಸಲುವಾಗಿ ಮಂದಿ ಪೆಂಡಾಲ ಹಾಕಿ ಕುಂತವ್ರು. ನಮ್ಮ ಅತ್ತಿನೂ ರೊಟ್ಟಿ ಕಟಗೊಂಡು ಹೋಗಿ ಕುಂತಿದ್ರು. “ನೀರು ಕೊಡ್ರಿ ಅಂತ ಕುಂತ್ವಿ. ಬಂತು ನೋಡು, ಮನಿ ಒಳಗ ಬಂತು” ಅಂತ ಕಣಕುಂಬ್ಯಾಗ ನಿಂತು ಅಂದ್ರು. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಅಕ್ಕನ ಮನಿ ಬೇತಿ ಕಡೆ. ಪಣಜಿಯಿಂದ ಅಲ್ಲಿಗೆ ಮಾಂಡೋವಿ ದಾಟಾಕ ಫೆರಿ ಐತಿ, ನಡಕೊಂಡು ಬರೂ ಮಂದಿಗೆ ರೊಕ್ಕ ಇಲ್ಲ. ಸೇತುವಿ ಮ್ಯಾಲೆ ಬಸ್ಸೂ ಹೋಗತಾವ. ಮೊದಲ ದಿನ ಪುಟ್ಟಿ ಫೆರಿ ನೋಡಿ ಕಾಲು ಎತ್ತಲಿಲ್ಲ, ಬಸ್ಸಿಗೆ ಹೋದ್ವಿ. ಎರಡನೇ ದಿನ ಜೆಟ್ಟಿ ಮ್ಯಾಲೆ ಕುಂತು ನೋಡಿದ್ಲು. ಮೂರನೇ ದಿನ ನಮ್ಮ ಅತ್ತಿ, “ನೀ ಇಲ್ಲೇ ಕುಂತಿರು, ನಾ ಹೋಗಿ ಬರ್ತೀನಿ” ಅಂತ ಒಬ್ಬರೇ ಹತ್ತಿ ಹೋದ್ರು. ಆ ದಂಡಿಗೆ ಹೋಗಿ ಅದೇ ಫೆರ್‍ಯಾಗ ಹೊಳ್ಳಿ ಬಂದ್ರು. ಮತ್ತ ಹೋದ್ರು, ಮತ್ತ ಬಂದ್ರು. ನಾಕನೇ ಸಲ ಬಂದಾಗ ಫೆರಿಯವನು ನಗಾಕತ್ತಿದ್ದ. ಐದನೇ ಸಲಕ್ಕ ಪುಟ್ಟಿ ಅಜ್ಜಿ ಸೆರಗು ಹಿಡಕೊಂಡು ಹತ್ತಿದ್ಲು. ಕಣ್ಣು ಮುಚ್ಚಿ ಎಣಸಾಕತ್ತಿದ್ಲು. ಮುನ್ನೂರು ಎಣಸೂದರಾಗ ದಂಡಿ ಬಂತು. ನಮ್ಮ ಅತ್ತಿಗೂ ನೀರಂದ್ರ ಹೆದರಿಕಿ ಇತ್ತು ಅಂತ ನನಗ ಗೊತ್ತಾಗಿದ್ದು ರಾತ್ರಿ. ಮಕ್ಕೊಂಡಾಗ ಅವರ ಕೈ ಇನ್ನೂ ನಡಗತಿದ್ವು.

ಅದೇ ಸಲ ಭಾವನ ಜೋಡಿ ಕ್ಲಬ್ಬಿಗೆ ಹೋದಾಗ ಪುಟ್ಟಿ ಸಣ್ಣ ಹುಡುಗರ ದೋಣಿ ನೋಡಿದ್ಲು. ಆಪ್ಟಿಮಿಸ್ಟ್ ಅಂತಾರ ಅದಕ್ಕ. ನಮ್ಮ ದನಕ್ಕ ನೀರು ಕುಡಸೂ ಬಾನಿಗೆ ಹಾಯಿ ಕಟ್ಟಿದಂಗ ಕಾಣತೈತಿ. ಉದ್ದ 7 ಫೂಟು 9 ಇಂಚು, ತೂಕ 35 ಕಿಲೋ. ಒಂದೇ ಹಾಯಿ, ಒಬ್ಬರೇ ಕುಂದರೂದು, 15 ವರ್ಷದೊಳಗಿನ ಮಕ್ಕಳಿಗೆ. ಪುಟ್ಟಿ ದಂಡ್ಯಾಗ ಕುಂತು ಮೂರು ತಾಸು ನೋಡಿದ್ಲು. ಊಟಕ್ಕ ಕರದ್ರ ಏಳಲಿಲ್ಲ. ಊರಿಗೆ ಬಂದಮ್ಯಾಲೆ ಪಾಟಿ ಮ್ಯಾಲೆ ಅದೇ ದೋಣಿ ಬರಿಯಾಕ ಹತ್ತಿದ್ಲು. “ಸೂಟಿಗೆ ಕಲಸ್ತಾರ, ಭಾವ ಕೇಳಿ ನೋಡ್ತಾರಂತ” ಅಂತ ಅಕ್ಕ ಫೋನ್ ಮಾಡಿದಾಗ ನನಗ ಎದಿ ಝಲ್ ಅಂತು. ನಮ್ಮ ಮನಿಯವ್ರು, “ಅಕಿನ್ನ ಕೇಳು” ಅಂದ್ರು. ಕೇಳಿದೆ. “ಹೋಗ್ತೀನಿ. ಆದ್ರ ನೀ ದಂಡ್ಯಾಗ ಇರಬೇಕು” ಅಂದ್ಲು.

2023ರ ಮೇ ತಿಂಗಳ ಹದಿನೈದು ದಿನ ಅಲ್ಲೇ ಇದ್ವಿ. ಲೈಫ್ ಜಾಕೀಟು ಹಾಕೊಳಾಕ ಅಕಿಗೆ ಎರಡು ದಿನ ಬೇಕಾತು. ಅದು ಆ ಜವಾನರ ಜಾಕೀಟಿನ ಬಣ್ಣದ್ದು. ಕಲಿಸೂ ಸರ್ ಅವಸರ ಮಾಡಲಿಲ್ಲ. ಅವರು ಹೇಳಿದ ಮೊದಲನೇ ಪಾಠ ನಾನೂ ದಂಡ್ಯಾಗ ಕುಂತು ಕಲತೆ. ಒಂದು ಕೈಯಾಗ ಚುಕ್ಕಾಣಿ, ಇನ್ನೊಂದು ಕೈಯಾಗ ಹಾಯಿ ಹಗ್ಗ. ಹಗ್ಗ ಜಗ್ಗಿದ್ರ ಹಾಯಿ ಗಾಳಿ ಹಿಡೀತೈತಿ, ದೋಣಿ ಓಡತೈತಿ. ಗಾಳಿ ಎದುರಿಗೆ ನೆಟ್ಟಗ ಹೋಗಾಕ ಬರೂದಿಲ್ಲ. ಓರೆ ಈ ಕಡೆ ಸ್ವಲ್ಪ, ಓರೆ ಆ ಕಡೆ ಸ್ವಲ್ಪ, ಗುಡ್ಡದ ದಾರಿ ಹತ್ತಿದಂಗ. ಹೆದರಿಕಿ ಬಂದ್ರ? “ಕೈಯಾಗಿನ ಹಗ್ಗ ಬಿಟ್ಟುಬಿಡು, ಹಾಯಿ ಪಟಪಟ ಅಂತ ಬಡಕೊಂಡು ದೋಣಿ ತಾನೇ ನಿಲ್ತೈತಿ.”

ಮುಂಜಾನಿ ಗಾಳಿ ಸಣ್ಣಗಿರತಿತ್ತು, ಆಗ ಹೊಸಬರಿಗೆ ಪಾಠ. ಮಧ್ಯಾಹ್ನ ಆದಮ್ಯಾಲೆ ಸಮುದ್ರದ ಕಡಿಂದ ಜೋರ ಬೀಸತಿತ್ತು, ಆಗ ದೊಡ್ಡ ಹುಡುಗರು ಹೋಗತಿದ್ರು. ನಾ ದಿನಾ ದಂಡ್ಯಾಗ ಛತ್ರಿ ಹಿಡಕೊಂಡು ಕುಂದರತಿದ್ದೆ. ಪುಟ್ಟಿ ದೋಣಿ ನಂಬರ್ ಬಿಟ್ರ ಬ್ಯಾರೆ ಏನೂ ಕಾಣತಿರಲಿಲ್ಲ.

ಆರನೇ ದಿನ ಸರ್, “ಇವತ್ತು ದೋಣಿ ಬೋರಲ ಹಾಕೂದು” ಅಂದ್ರು. ನಾ ಎದ್ದು ನಿಂತೆ. ಬೇಕಂತನ ದೋಣಿ ಮಗಚಿ, ನೀರಾಗ ಬಿದ್ದು, ಮತ್ತ ಎತ್ತೂದು. ಇದು ಎಲ್ಲಾ ಮಕ್ಕಳೂ ಕಲೀಲೇಬೇಕಾದ ಪಾಠ ಅಂತ. ಭಾವ ಅಂದ್ರು, “ಹತ್ರ ಮೋಟಾರ ದೋಣಿ ಐತಿ, ಮೈಮ್ಯಾಲೆ ಜಾಕೀಟು ಐತಿ, ದೋಣ್ಯಾಗ ಗಾಳಿ ಚೀಲ ಅದಾವ, ಮುಳುಗೂದಿಲ್ಲ. ನೀ ಕುಂದರು.” ಪುಟ್ಟಿ ನನ್ನ ಕಡೆ ಒಮ್ಮೆ ನೋಡಿದ್ಲು. ಬ್ಯಾಡ ಅನ್ನೂ ಮಾತು ನನ್ನ ಬಾಯಿ ತನಕ ಬಂದಿತ್ತು. ಡಾಕ್ಟರಮ್ಮನ ಮಾತು ನೆನಸಿಕೊಂಡು ಕೈ ಎತ್ತಿ ಹೂಂ ಅಂದೆ.

ದೋಣಿ ಮಗಚಿತು. ಅಕಿ ತಲಿ ನೀರಾಗ ಹೋತು, ಹೊರಗ ಬಂತು. ನಾ ಉಸುರು ಬಿಟ್ಟಿರಲಿಲ್ಲ. ಅಕಿ ಈಸಿಗೋಂತ ದೋಣಿ ಸುತ್ತು ಹಾಕಿ ತಳದ ಕಡೆ ಹೋದ್ಲು. ದೋಣಿ ನಡುವ ಒಂದು ಹಲಗಿ ಇರತೈತಿ, ಅದು ಹೊರಗ ಚಾಚಿಕೊಂಡಿತ್ತು. ಅದನ್ನ ಹಿಡಕೊಂಡು ಜೋತಾಡಿದ್ಲು. ಮೊದಲ ಸಲ ಆಗಲಿಲ್ಲ. ಎರಡನೇ ಸಲಾನೂ ಆಗಲಿಲ್ಲ. ಮೂರನೇ ಸಲ ಹಲಗಿ ಮ್ಯಾಲೆ ಮೈಭಾರ ಎಲ್ಲಾ ಹಾಕಿದ್ಲು. ಹಾಯಿ ನೀರಿಂದ ಮ್ಯಾಲೆ ಎದ್ದು, ದೋಣಿ ಎಮ್ಮಿ ಮೈ ಝಾಡಿಸಿ ಎದ್ದಂಗ ಎದ್ದು ನಿಂತ್ತು. ಅಕಿ ಒಳಗ ಹತ್ತಿ, ಅರ್ಧ ಕೊಯ್ದ ಪ್ಲಾಸ್ಟಿಕ್ ಕ್ಯಾನಿಲೆ ನೀರು ಗೋರಿ ಗೋರಿ ಚೆಲ್ಲಾಕತ್ತಿದ್ಲು. ನಾಕು ವರ್ಷದ ಹಿಂದ ಇದೇ ಹುಡುಗಿ ಮಾಳಿಗಿ ಮ್ಯಾಲೆ ಮಾಡಾಕ ಏನೂ ಇಲ್ಲದ ರಾತ್ರಿ ಪೂರ್ತಿ ನೀರು ನೋಡಿಗೋಂತ ಕುಂತಿದ್ಲು. ಈಗ ಅಕಿ ಕೈಯಾಗ ಕೆಲಸ ಇತ್ತು.

ಅವತ್ತು ಸಂಜೀಕ ಫೆರ್‍ಯಾಗ ಅಕ್ಕನ ಮನಿಗೆ ಹೊಂಟಿದ್ವಿ. ಪುಟ್ಟಿ ಕಟಕಟಿ ಹಿಡಕೊಂಡು ನೀರು ನೋಡ್ತಿದ್ಲು. ಒಮ್ಮೆಲೇ, “ಯವ್ವಾ, ಗೌರಿ ಸತ್ತಿದ್ದು ನನ್ನ ಸಲುವಾಗಿ ಅಲ್ಲ?” ಅಂದ್ಲು.

ನನಗ ಮಾತು ಬರಲಿಲ್ಲ.

“ನಾ ಪಾಟೀಚೀಲ ಅಂತ ಅತ್ತೆ. ನೀ ಚೀಲ ತರಾಕ ಹೋದಿ. ಇಲ್ಲಂದ್ರ ಮೊದಲ ಗೌರಿನ್ನ ಬಿಚ್ಚತಿದ್ದಿ. ಮಕ್ಕೊಂಡೈತಿ ಅಂದಾಗ ನನಗ ಗೊತ್ತಿತ್ತು.”

ನಾಕು ವರ್ಷ! ನಾ ಹಗ್ಗದ ಭಾರ ಹೊತಗೊಂಡು ತಿರಗತಿದ್ದೆ, ಅಕಿ ಚೀಲದ ಭಾರ ಹೊತಗೊಂಡು ತಿರಗತಿದ್ಲು. ಒಂದೇ ಹಾಸಿಗ್ಯಾಗ ಮಕ್ಕೊಂಡು ಒಬ್ಬರಿಗೊಬ್ಬರು ಹೇಳಿರಲಿಲ್ಲ. ಮಳಿ ಬಂದಾಗ ಅಕಿ ಚೀಲ ಬಗಲಾಗ ಹಾಕೊಂಡು ಯಾಕ ಕುಂದರತಿದ್ಲು ಅಂತ ಆಗ ತಿಳೀತು. ಮತ್ತೊಮ್ಮೆ ಯಾರೂ ತನ್ನ ಚೀಲದ ಸಲುವಾಗಿ ಕೆಳಗ ಇಳೀಬಾರದು ಅಂತ.

ಅವತ್ತು ಖರೇ ಹೇಳಿದೆ. “ನಿನ್ನ ಚೀಲದಿಂದ ಅಲ್ಲ ಪುಟ್ಟಿ. ನಾ ಹಗ್ಗಕ್ಕ ಕೈ ಹಾಕಿದ್ದೆ. ತೊಯ್ದ ಗಂಟು ಬಿಚ್ಚಲಿಲ್ಲ. ಸಂಜೀಕ ಡಂಗುರ ಸಾರಿದಾಗನ ಬಿಚ್ಚಬೇಕಿತ್ತು, ದೊಡ್ಡವ್ರು ನಾವು ಬಿಚ್ಚಲಿಲ್ಲ. ರಾತ್ರಿ ಗೌರಿ ಒಂದು ಕಡೆ, ನೀ ಒಂದು ಕಡೆ ಆದಾಗ ಹಗ್ಗ ಬಿಟ್ಟು ಬಂದವಳು ನಾ. ಮಕ್ಕೊಂಡೈತಿ ಅಂತ ಸುಳ್ಳು ಹೇಳಿದ್ದೂ ನಾನ.” ಅಕಿ ಅತ್ಲು, ನಾನೂ ಅತ್ತೆ. ಮಗ್ಗಲದಾಗ ಮೀನ ಬುಟ್ಟಿ ಇಟಗೊಂಡು ನಿಂತಿದ್ದ ಬಾಯಿ ಒಬ್ಬಾಕಿ ಏನೂ ಕೇಳಲಾರದ ನಮ್ಮ ಮುಂದ ಅಡ್ಡ ನಿಂತು ಮರಿ ಮಾಡಿದ್ಲು. ದಂಡಿ ಬಂತು. ಇಳದು ಅಕ್ಕನ ಮನಿಗೆ ಹೋಗಿ ಅನ್ನ-ಸಾರು ಉಂಡ್ವಿ. ಪುಟ್ಟಿ ಎರಡು ಸಲ ನೀಡಿಸಿಕೊಂಡ್ಲು. ಮಕ್ಕೊಳೂ ಮುಂದ, “ತಲಿ ಉಪ್ಪುಪ್ಪಾಗೇತಿ, ನೀರು ಹಾಕು” ಅಂದ್ಲು. ತಂಬಿಗಿ ತಗೊಂಡು ತಲಿ ಮ್ಯಾಲೆ ನೀರು ಹಾಕಿದೆ.

ಕಡೀ ದಿನ ಮಕ್ಕಳ ತಾಯಿ-ತಂದಿಗಳನ್ನ ದೊಡ್ಡ ಹಾಯಿದೋಣ್ಯಾಗ ಒಂದು ಸುತ್ತು ಕರಕೊಂಡು ಹೋದ್ರು. ನಾನೂ ಹತ್ತಿದೆ. ಗಾಳಿಗೆ ದೋಣಿ ಒಂದು ಮಗ್ಗಲಿಗೆ ವಾಲಿದಾಗ ಎಲ್ಲಾ ದೇವರ ಹೆಸರು ಬಾಯಾಗ ಬಂದ್ವು. ಸರ್ ಹಗ್ಗ ನನ್ನ ಕೈಯಾಗ ಕೊಟ್ರು. ಬಿಗಿಯಾಗಿ ಹಿಡಕೊಂಡು ಕುಂತಿದ್ದೆ. ಪುಟ್ಟಿ ಪಕ್ಕದಾಗ ಕುಂತು, “ಹೆದರಿಕಿ ಆದ್ರ ಬಿಡು ಯವ್ವಾ” ಅಂದ್ಲು. ಬಿಟ್ಟೆ. ಹಾಯಿ ಬಡಕೊಂಡು, ದೋಣಿ ನೆಟ್ಟಗಾಗಿ ನಿಂತ್ತು. ಯಾರಿಗೂ ಏನೂ ಆಗಲಿಲ್ಲ. ಆಮ್ಯಾಲೆ ನಾನ ಕೇಳಿ ಮತ್ತ ಹಗ್ಗ ತಗೊಂಡೆ.

ಅಲ್ಲಿಂದ ಪ್ರತಿ ಸೂಟಿಗೆ ಹೋಗ್ತೀವಿ. 2024ರ ಅಕ್ಟೋಬರ್ 2ಕ್ಕ ನೌಕಾದಳದ ಇಬ್ಬರು ಹೆಣಮಕ್ಕಳು, ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಮತ್ತ ರೂಪಾ, ತಾರಿಣಿ ಅನ್ನೂ ಹಾಯಿದೋಣ್ಯಾಗ ಗೋವಾದಿಂದ ಹೊಂಟು ಜಗತ್ತು ಸುತ್ತಿ 2025ರ ಮೇ 29ಕ್ಕ ಹೊಳ್ಳಿ ಬಂದ್ರಲ್ಲ, ಆ ಎಂಟು ತಿಂಗಳೂ ನಮ್ಮ ಮನ್ಯಾಗ ಅವರದ ಸುದ್ದಿ. ಪುಟ್ಟಿ ಗ್ವಾಡಿಗೆ ಜಗತ್ತಿನ ನಕಾಶಿ ಹಚ್ಚಿ, ಅವರು ಆಸ್ಟ್ರೇಲಿಯಾ ಮುಟ್ಟಿದ್ರು, ನ್ಯೂಜಿಲೆಂಡ್ ಮುಟ್ಟಿದ್ರು ಅಂತ ಕುಂಕುಮದ ಬೊಟ್ಟು ಇಡತಿದ್ಲು. ನಮ್ಮ ಅತ್ತಿ ದಿನಾ ಮುಂಜಾನಿ ಚಾ ಕುಡಿಯೂ ಮುಂದ ನಕಾಶಿ ಕಡೆ ನೋಡಿ, “ಆ ಹುಡುಗೇರು ಎಲ್ಲಿ ಮುಟ್ಟಿದ್ರು?” ಅಂತ ಕೇಳತಿದ್ರು, ತವರಿಗೆ ಬರೂ ಮಕ್ಕಳ ದಾರಿ ಕಾದಂಗ.

ಎಲ್ಲಾ ಆರಾಮ ಆತು ಅಂತ ನಾ ಹೇಳಂಗಿಲ್ಲ. ಈಗೂ ರಾತ್ರಿ ಮಳಿ ಜೋರ ಆದ್ರ ಪುಟ್ಟಿ ಏಳತಾಳ, ನಾನೂ ಏಳತೀನಿ. ಫರಕ ಇಷ್ಟ: ಇಬ್ಬರೂ ಎದ್ದು ಲೈಟು ಹಚ್ಚಿ ಮಾತಾಡತೀವಿ. ಒಮ್ಮೊಮ್ಮೆ ಗೌರಿ ಸುದ್ದಿ ಮಾತಾಡತೀವಿ. ಅದರ ಹಾಲು ಎಷ್ಟು ಗಟ್ಟಿ ಇತ್ತು, ಪುಟ್ಟಿ ಸಣ್ಣಾಕಿದ್ದಾಗ ಅದರ ಬೆನ್ನ ಮ್ಯಾಲೆ ಹೆಂಗ ಕುಂದರತಿದ್ಲು ಅಂತ.

ಚಿಗವ್ವ, ಎದಿ ಐತೋ ಕಲ್ಲೈತೋ ಅಂದ್ರಿ. ಎದಿನ ಐತ್ರಿ. ದೋಣಿ ದಂಡಿ ಬಿಟ್ಟಾಗೆಲ್ಲಾ ಡಬಡಬ ಅಂತೈತಿ. ಮನ್ಯಾಗ ಕುಂದರಸಿದ್ರ ಹೊಳಿ ಮನಿಗೇ ಬರತೈತಿ ಅಂತ ನಾವು ನೋಡೀವಿ. ಅದಕ್ಕ ಕಳಸ್ತೀನಿ.

ಈಗ ಎಲ್ಲಾರಿಗೂ ಉಪಯೋಗ ಆಗೂ ಒಂದು ಮಾತು. ಪುಟ್ಟಿ ದೋಣಿ ಕಟ್ಟಾಕ ಕಲತ ಒಂದು ಗಂಟು ಐತಿ. ನಮ್ಮ ಮನ್ಯಾಗ ಈಗ ದನ ಕಟ್ಟೂದು ಅದರಲೇ. ಹಗ್ಗದ ತುದಿನ ಗೂಟಕ್ಕ ಎರಡು ಸುತ್ತು ಹಾಕ್ರಿ. ಆಮ್ಯಾಲೆ ತುದಿನ ಎಮ್ಮಿ ಕಡೆ ಹೋಗೂ ಹಗ್ಗದ ಮ್ಯಾಲಿಂದ ತಂದು ಗಂಟು ಹಾಕೂ ಮುಂದ, ತುದಿ ಪೂರ್ತಿ ತೂರಿಸಬ್ಯಾಡ್ರಿ. ಹಗ್ಗ ಮಡಚಿ ಕುಣಿಕಿ ಮಾಡಿ ಆ ಕುಣಿಕಿ ಅಷ್ಟ ತೂರಿಸಿ ಜಗ್ಗಿ ಬಿಗಿ ಮಾಡ್ರಿ, ನಮ್ಮ ಲಂಗದ ಲಾಡಿ ಕಟ್ಟಿದಂಗ. ತುದಿ ಒಂದು ಮೊಳ ಜೋತ ಬಿಡ್ರಿ. ದನ ಎಷ್ಟು ಜಗ್ಗಿದ್ರೂ ಬಿಚ್ಚೂದಿಲ್ಲ. ಆದ್ರ ಆ ತುದಿ ನೀವು ಹಿಡದು ಎಳೆದ್ರ, ತೊಯ್ದಿರಲಿ, ಕತ್ತಲ ಇರಲಿ, ಒಮ್ಮೆಲೇ ಬಿಚ್ಚತೈತಿ. ತುದಿ ಮಾತ್ರ ಕರುವಿನ ಬಾಯಿಗೆ ಸಿಗಲಾರದಂಗ ನೋಡಕೋರಿ. ನಮ್ಮನ್ಯಾಗ ಹೋದ ವಾರ ಕರು ಎಳದು ಬಿಚ್ಚಿ, ಮುಂಜಾನಿ ಹಾಲೆಲ್ಲಾ ಕುಡದು ಕುಂತಿತ್ತು. ಅವತ್ತು ಎಲ್ಲಾರಿಗೂ ಕರಿ ಚಾ.

ಗಂಟು ತಿಳೀಲಿಲ್ಲಂದ್ರ ಸಂಜೀಕ ಮನಿಗೆ ಬರ್‍ರಿ. ಪುಟ್ಟಿ ಸಾಲಿಯಿಂದ ಬಂದಿರತಾಳ, ತೋರಸ್ತಾಳ. ಉಂಡಿನೂ ಇನ್ನೂ ಅದಾವ.